ಬಿಳಿ ಮುಚ್ಚಳದ ಟ್ಯೂಬು

ಬಾಗಿಲು ಮುಂದೆ ಮಾಡಿ ಬನ್ನಿ, ಗಾಳಿ ಬೀಸುತ್ತಿದೆ. ದೇವರ ಮುಂದಿನ ದೀಪ ಇನ್ನೂ ಆರಿಲ್ಲ. ಅದರ ಎದುರು ಕೂತು ಹೇಳುತ್ತಿದ್ದೇನೆ, ಹಾಗಾಗಿ ಆದದ್ದನ್ನು ಮಾತ್ರ ಹೇಳುತ್ತೇನೆ.

ನನ್ನ ಚಿಕ್ಕಮ್ಮನ ಮಗ ತ್ರ್ಯಂಬಕ ಆವತ್ತು ಮಂಕಿಯ ಕಡಲ ಬದಿಯ ಕೇರಿಯಿಂದ ಒಬ್ಬನೇ ನಡೆದು ಬರುತ್ತಿದ್ದ. ಎರಡು ಸಾವಿರದ ಮೂರನೇ ಇಸವಿ, ಮೇ ತಿಂಗಳು. ರಾತ್ರಿ ಒಂಬತ್ತೂವರೆ. ಅಮಾವಾಸ್ಯೆಗೆ ಎರಡೇ ದಿನ. ಸಂಜೆಯ ಗಾಳಿಮಳೆಗೆ ಕರೆಂಟು ಹೋಗಿ ತೆಂಗಿನ ತೋಟದ ನಡುವಿನ ದಾರಿ ಎಲ್ಲಿ, ಬದಿಯ ಅಗಳದ ಹೊಂಡ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಎಡಗೈಯಲ್ಲಿ ಟಾರ್ಚು. ಬಲಗೈಯಲ್ಲಿ ಪೋಲಿಯೋ ಲಸಿಕೆ ಒಯ್ಯುವ ನೀಲಿ ಪೆಟ್ಟಿಗೆ. ಹೆಜ್ಜೆಗೊಮ್ಮೆ ಪೆಟ್ಟಿಗೆಯೊಳಗೆ ಐಸು ಜರುಗುತ್ತಿತ್ತು... ಟಕ್. ಅದರ ಬೆನ್ನಿಗೇ ಗಾಜಿನ ಎರಡು ಟ್ಯೂಬು ಒಂದಕ್ಕೊಂದು ತಾಗುತ್ತಿದ್ದವು... ಟಿಣ್.

ಟಕ್... ಟಿಣ್. ಟಕ್... ಟಿಣ್.

ದಾರಿ ಬದಿಯ ದೊಡ್ಡ ಗೋಳಿ ಮರ ಇನ್ನೂ ಇಪ್ಪತ್ತು ಮಾರು ದೂರ ಇತ್ತು. ಆಗ ಇನ್ನೊಂದು ಸದ್ದು ಕೇಳಿತು.

ಕೀರ್ರ್... ಕೀರ್ರ್...

ಬಾವಿಯ ರಾಟೆಯ ಸದ್ದು. ಎಣ್ಣೆ ಕಾಣದ ಹಳೇ ಮರದ ರಾಟೆ. ಮರದ ಕೆಳಗಿನ ಬಾವಿಯಲ್ಲಿ ಯಾರೋ ನೀರು ಸೇದುತ್ತಿದ್ದರು.

ಅವನು ನಿಂತ. ಅವನು ಅಲ್ಲೇ ನಿಂತಿರಲಿ. ಅಲ್ಲಿಗೆ ಯಾಕೆ ಹೋಗಿದ್ದ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ತ್ರ್ಯಂಬಕನ ಮನೆ ಕರ್ಕಿಯಲ್ಲಿ. ಕೆಲಸ ಒಂದು ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ. ಜನರ ಬಾಯಲ್ಲಿ ಅವನು 'ರಕ್ತ ತೆಗೆಯುವ ಭಟ್ರು'. ಆ ವರ್ಷ ಹಾಂಕಾಂಗು, ಸಿಂಗಾಪುರ ಕಡೆ ಸಾರ್ಸ್ ಎಂಬ ಹೊಸ ಜ್ವರ ಎದ್ದಿತ್ತಲ್ಲ, ನೆನಪಿರಬಹುದು. ಜನ ಉಸಿರು ಕಟ್ಟಿ ಸಾಯುವುದನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಮಂಕಿಯ ಕೇರಿಯ ದಿನೇಶ ಎಂಬ ಹುಡುಗ ಹಡಗಿನಲ್ಲಿ ಕೆಲಸಕ್ಕಿದ್ದವನು, ಸಿಂಗಾಪುರದಲ್ಲಿ ಇಳಿದು ಊರಿಗೆ ಬಂದು ಎಂಟನೇ ದಿನಕ್ಕೆ ಜ್ವರ, ಕೆಮ್ಮು. ಮರುದಿನ ಅವನ ಅಣ್ಣ ಸುಬ್ಬನಿಗೂ ಜ್ವರ. ಸುಬ್ಬ ದೋಣಿಯವನು. ಹೊನ್ನಾವರದ ಅಳಿವೆ ಬಿಟ್ಟರೆ ಬೇರೆ ದೇಶ ನೋಡಿದವನಲ್ಲ.

ಡಾಕ್ಟರು ಶಾಂತಾರಾಮರು ತ್ರ್ಯಂಬಕನನ್ನು ಕರೆದು ಹೇಳಿದರು: "ಇಬ್ಬರ ಗಂಟಲ ದ್ರವ ತೆಗೆದು ಇವತ್ತೇ ಪುಣೆಯ ವೈರಸ್ ಲ್ಯಾಬಿಗೆ ಕಳಿಸಬೇಕು. ಜ್ವರ ನೋಡಿ ಇದು ಯಾವುದು ಎಂದು ಹೇಳುವುದು ನಮ್ಮ ಕೈಲಾಗುವ ಕೆಲಸ ಅಲ್ಲ. ಆ ವೈರಸ್ಸಿನ ಒಳಗೆ ಒಂದು ಬರಹ ಉಂಟು ಮಾರಾಯ. ನಾಲ್ಕೇ ಅಕ್ಷರ, ಅದನ್ನೇ ಹಿಂದೆ ಮುಂದೆ ಮಾಡಿ ಮೂವತ್ತು ಸಾವಿರದಷ್ಟು ಉದ್ದ ಬರೆದದ್ದು. ಹೋದ ತಿಂಗಳಷ್ಟೇ ಕೆನಡಾದವರು ಅದನ್ನು ಪೂರ್ತಿ ಓದಿ ಮುಗಿಸಿದರು. ಈಗ ನಮ್ಮಲ್ಲಿ ಸಿಕ್ಕಿದ್ದನ್ನು ಓದಿ ಅದರ ಪಕ್ಕ ಇಟ್ಟು ನೋಡುತ್ತಾರೆ. ಅದೇಯೋ, ಅದರ ದಾಯಾದಿಯೋ, ಎಲ್ಲಿಂದ ಬಂದದ್ದೋ, ಎಲ್ಲ ಅಕ್ಷರದಲ್ಲಿ ಗೊತ್ತಾಗುತ್ತದೆ."

ತ್ರ್ಯಂಬಕ ಇದನ್ನು ನನಗೆ ಹೇಳುವಾಗ ನಾನು ಕೈಮುಗಿದೆ. ಆನೆಯನ್ನು ಬರೆದದ್ದೂ ನಾಲ್ಕೇ ಅಕ್ಷರದಲ್ಲಂತೆ, ಗರಿಕೆಯನ್ನು ಬರೆದದ್ದೂ ಅಷ್ಟರಲ್ಲೇ ಅಂತೆ. ಆ ಬರೆದ ಕೈ ಎಂಥದ್ದಿರಬೇಕು!

"ಒಂದೇ ಮಾತು," ಎಂದರಂತೆ ಡಾಕ್ಟರು. "ಒಳಗಿನದ್ದನ್ನು ಅವರು ಓದುತ್ತಾರೆ. ಹೊರಗಿನ ಚೀಟಿಯಲ್ಲಿ ಹೆಸರು ನೀನೇ ಬರೆಯಬೇಕು. ಅದು ತಪ್ಪಿದರೆ ಪುಣೆಯವರು ಎಷ್ಟು ಸರಿಯಾಗಿ ಓದಿದರೂ ವ್ಯರ್ಥ. ರಾತ್ರಿ ಹನ್ನೆರಡು ಗಂಟೆಗೆ ಕುಮಟೆಯಿಂದ ವ್ಯಾನು ಹೊರಡುತ್ತದೆ. ತಪ್ಪಿಸಬೇಡ."

ಕರೆಂಟಿಲ್ಲದೆ ಆಸ್ಪತ್ರೆಯ ಫ್ರಿಜ್ಜು ಬೆಚ್ಚಗಾಗಿತ್ತು. ತ್ರ್ಯಂಬಕ ಪೆಟ್ಟಿಗೆ ಹಿಡಿದುಕೊಂಡು ಮೀನು ಇಳಿಸುವ ದಕ್ಕೆಗೆ ಹೋಗಿ ಐಸು ಕೇಳಿದ. ಐಸು ಒಡೆಯುವ ನಾಗರಾಜ ಸುತ್ತಿಗೆ ಕೆಳಗಿಟ್ಟು ಬಾಯಿ ತುಂಬ ನಕ್ಕ. "ಅಯ್ಯೋ ದೇವರೇ, ಕರ್ಕಿ ಭಟ್ರು ದಕ್ಕೆಗೆ ಬಂದ್ರು! ಬಂಗ್ಡೆ ಕೊಡ್ಲಾ, ತಾರ್ಲೆ ಕೊಡ್ಲಾ?"

"ಐಸು ಸಾಕು ಮಾರಾಯ."

"ಐಸು ಮಾತ್ರ ಒಯ್ದು ಎಂತ ಮಾಡ್ತ್ರಿ, ಪಾನಕ ಮಾಡ್ತ್ರಾ?"

"ಸುಬ್ಬನ ಮನೆಗೆ."

ನಾಗರಾಜನ ನಗು ಅಲ್ಲಿಗೇ ನಿಂತಿತು. ಪೆಟ್ಟಿಗೆ ತುಂಬಿಸಿ ಕೊಟ್ಟ. ದುಡ್ಡು ಮುಟ್ಟಲಿಲ್ಲ.

ಜೀಪಿನ ಡ್ರೈವರ್ ವಿನೋದ ಹೆದ್ದಾರಿಯಿಂದ ಒಳಗೆ ಬರಲು ಒಪ್ಪಲಿಲ್ಲ. "ನನಗೆ ಹೆಂಡತಿ ಮಕ್ಕಳು ಇದ್ದಾರೆ ಭಟ್ರೆ. ನಿಮಗೂ ಇದ್ದಾರೆ, ಅದು ನಿಮಗೆ ಬಿಟ್ಟದ್ದು. ನಾ ಇಲ್ಲೇ ಗಾಜು ಏರಿಸಿಕೊಂಡು ಕೂತಿರ್ತೆ." ಹೀಗೆ ತ್ರ್ಯಂಬಕ ಒಂದೂವರೆ ಮೈಲು ನಡೆದೇ ಹೋದ.

ಮನೆಯೊಳಗೆ ಚಿಮಣಿ ದೀಪ. ಎರಡು ಚಾಪೆ. ಒಂದು ಬಾಗಿಲ ಬದಿಗೆ, ಒಂದು ಗೋಡೆ ಬದಿಗೆ. ಎರಡರ ಮೇಲೂ ಕಂಬಳಿ ಹೊದ್ದ ಗಂಡಸರು, ಇಬ್ಬರಿಗೂ ಮೈಮೇಲೆ ಎಚ್ಚರವಿಲ್ಲ. ಬಾಗಿಲ ಬದಿಯವನ ತಲೆಯ ಹತ್ತಿರ ಹಿರಿಯ ಸೊಸೆ ದೇವಿ. ಗೋಡೆ ಬದಿಯವನ ಹತ್ತಿರ ಕಿರಿಯಳು ಸುಶ್ಮಿತಾ, ಮಡಿಲಲ್ಲಿ ಎರಡು ತಿಂಗಳ ಕೂಸು.  ಮುಖಕ್ಕೆ ಎರಡು ಮಾಸ್ಕು ಕಟ್ಟಿದ್ದರೂ ತ್ರ್ಯಂಬಕನಿಗೆ ಉಸಿರು ಎಳೆಯಲು ಭಯ. ಬಾಗಿಲ ಬದಿಯವನ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ತೆಗೆದು ಕೆಂಪು ಮುಚ್ಚಳದ ಟ್ಯೂಬಿಗೆ ಇಳಿಸಿದ.

"ಇವರ ಹೆಸರೆಂತ?"

ದೇವಿ ಸೆರಗು ಸರಿಮಾಡಿಕೊಂಡಳು. "ನಮ್ಮನೆಯವ್ರು."

ಗೋಡೆ ಬದಿಯವನದ್ದು ನೀಲಿ ಮುಚ್ಚಳಕ್ಕೆ. "ಇವರದ್ದು?"

ಸುಶ್ಮಿತಾ ಕೂಸಿನ ಮುಖ ನೋಡಿದಳು. "ನಮ್ಮನೆಯವ್ರು."

ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಗಂಡನ ಆಯುಷ್ಯ ಕಡಿಮೆ ಎನ್ನುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ತ್ರ್ಯಂಬಕನಿಗೂ ಗೊತ್ತಿಲ್ಲದ್ದಲ್ಲ. ನನ್ನ ಚಿಕ್ಕಮ್ಮನೇ ರೇಷನ್ ಕಾರ್ಡು ಮಾಡಿಸಲು ಹೋಗಿ, ಗಂಡನ ಹೆಸರು ಕೇಳಿದಾಗ ಗೋಡೆಯ ಮೇಲಿನ ದೇವರ ಕ್ಯಾಲೆಂಡರಿಗೆ ಬೆರಳು ತೋರಿಸಿ ನಿಂತವಳು. 'ಹಡಗಿನಿಂದ ಬಂದವರು ಯಾರು' ಎಂದು ಒಂದು ಮಾತು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಭಯ ಹೊಕ್ಕ ತಲೆಯಲ್ಲಿ ಬುದ್ಧಿಗೆ ಜಾಗ ಇರುವುದಿಲ್ಲ. ಡಾಕ್ಟರ ಚೀಟಿಯಲ್ಲಿ ಮೊದಲು ದಿನೇಶ, ಆಮೇಲೆ ಸುಬ್ಬ ಎಂದಿತ್ತು. ಇವನು ಮೊದಲು ತೆಗೆದ ಕೆಂಪು ಮುಚ್ಚಳಕ್ಕೆ 'ದಿನೇಶ' ಎಂದು ಬರೆದ. ನೀಲಿಗೆ 'ಸುಬ್ಬ'. ಒಡೆದರೆ ಇರಲಿ ಎಂದು ತಂದಿದ್ದ ಮೂರನೇ ಟ್ಯೂಬು, ಬಿಳಿ ಮುಚ್ಚಳದ್ದು, ಖಾಲಿಯೇ ಉಳಿಯಿತು. ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಹೊರಬಿದ್ದ.

ಹಾಗೆ ಬರುವಾಗಲೇ ರಾಟೆಯ ಸದ್ದು.

ಕೀರ್ರ್... ಕೀರ್ರ್...

ಟಾರ್ಚು ಎತ್ತಿದ. ಬೆಳಕು ಮಂಕು, ಬಾವಿಕಟ್ಟೆಯವರೆಗೆ ಸರಿಯಾಗಿ ಮುಟ್ಟಲಿಲ್ಲ. ಒಬ್ಬರು ವಯಸ್ಸಾದ ಹೆಂಗಸು, ಇವನಿಗೆ ಬೆನ್ನು. ಹಗ್ಗ ಇಳಿಸುತ್ತಿದ್ದರು. ರಾಟೆ ತಿರುಗುತ್ತಲೇ ಇತ್ತು... ತಿರುಗುತ್ತಲೇ ಇತ್ತು... ಕೊಡ ನೀರಿಗೆ ಮುಟ್ಟಿದಾಗ ಬರುವ 'ಗುಳುಮ್' ಮಾತ್ರ ಬರಲಿಲ್ಲ.

ಕೇರಿಯವರು ಯಾರೋ, ಕರೆಂಟಿಲ್ಲದ್ದಕ್ಕೆ ನಳ್ಳಿಯಲ್ಲಿ ನೀರು ಬಂದಿರಲಿಕ್ಕಿಲ್ಲ ಎಂದುಕೊಂಡು ತ್ರ್ಯಂಬಕ ದಾಟಿ ಹೋಗಲು ನೋಡಿದ. ರಾಟೆ ನಿಂತಿತು.

"ಆಸ್ಪತ್ರೆಯವರಾ?"

ಪಿಸುಮಾತು. ಹತ್ತಿರದಲ್ಲೇ ಕೇಳಿದ ಹಾಗೆ.

"ಹೌದು ಅಮ್ಮ."

"ಪೆಟ್ಟಿಗೇಲಿ ಎಂತ ಉಂಟು?"

"ಗಂಟಲ ದ್ರವ. ಪುಣೆಗೆ ಹೋಗೂದು."

"ಕೆಂಪು ಮುಚ್ಚಳದ್ದು ಯಾರದ್ದು?"

"ದಿನೇಶಂದು."

 ಗೋಳಿಯ ಹಣ್ಣೊಂದು ಉದುರಿದ ಎಲೆಯ ಮೇಲೆ ಬಿತ್ತು... ಪಟ್.

"ಅಲ್ಲ ಮಗಾ. ಕೆಂಪು ಸುಬ್ಬಂದು. ನೀಲಿ ದಿನೇಶಂದು."

ತ್ರ್ಯಂಬಕನಿಗೆ ಕೈಯೊಳಗಿನ ಪೆಟ್ಟಿಗೆ ಒಮ್ಮೆಲೇ ಭಾರ ಎನಿಸಿತು. "ನೀವು... ಆ ಮನೆಯವರಾ?"

 "ಹೆಸರು ತಪ್ಪಿದ್ರೆ ಮದ್ದು ತಪ್ತದೆ," ಎಂದಿತು ಆ ಸ್ವರ. "ಮದ್ದು ತಪ್ಪಿದ್ರೆ..."

ಮಾತು ಮುಗಿಯಲಿಲ್ಲ. ರಾಟೆ ಮತ್ತೆ ಒಂದು ಸುತ್ತು ತಿರುಗಿತು. ಕೀರ್ರ್.

"ನನ್ನದೂ ಒಂದು ಕಳಿಸು ಮಗಾ. ಅವತ್ತು ನನ್ನ ಹೆಸರಲ್ಲಿ ಹೋಗ್ಲೇ ಇಲ್ಲ."

ಚಿಕ್ಕಮ್ಮ ಅವನು ಸಣ್ಣವನಿದ್ದಾಗಲೇ ಒಂದು ಮಾತು ಹೇಳಿಕೊಟ್ಟಿದ್ದಳು: 'ತಮಾ, ರಾತ್ರೆಲಿ ನೀರ ಹತ್ರ ಯಾರಾರೂ ಎಂತಾರೂ ಕೇಳಿರೆ ಇಲ್ಲೆ ಹೇಳಡ.' ಇಲ್ಲ ಎನ್ನಬಾರದು ಎಂಬ ಆ ಮಾತು ನೆನಪಾಯಿತು.

"ಆತು ಅಮ್ಮ," ಎಂದ.

ಆಮೇಲೆ ನಡೆಯುವ ಸದ್ದು. ಒಂದು ಕಾಲು ಎಳೆದು, ಒಂದು ಕಾಲು ಊರಿ. ಸರ್ರ್... ತಪ್. ಸರ್ರ್... ತಪ್. ತೆಂಗಿನ ತೋಟದ ಒಳಕ್ಕೆ ಹೋಗಿ ನಿಂತಿತು. ಟಾರ್ಚು ಹಾಕಿದರೆ ಅಲ್ಲಿ ಬರೀ ಮರ.

ಅವನ ಮೈ ಬೆವರಿದ್ದು ಹೆಂಗಸು ಕಾಣದಿದ್ದಕ್ಕಲ್ಲ. ಮುಚ್ಚಳದ ಬಣ್ಣ ಪೆಟ್ಟಿಗೆಯ ಒಳಗಿತ್ತು. ಹೊರಗಿನವರಿಗೆ ಹೇಗೆ ಗೊತ್ತು?

ಗಡಿಯಾರ ನೋಡಿದ. ಹತ್ತಕ್ಕೆ ಇಪ್ಪತ್ತು ನಿಮಿಷ. ತಿರುಗಿ ಹೋದರೆ ಕುಮಟೆಯ ವ್ಯಾನು ತಪ್ಪಬಹುದು. ಅದಕ್ಕಿಂತ ಹೆಚ್ಚಾಗಿ, ಆ ಎರಡು ಚಾಪೆಯ ನಡುವೆ ಮತ್ತೊಮ್ಮೆ ಉಸಿರಾಡಬೇಕು. ಹೋಗದಿದ್ದರೆ? ಹೆಸರು ಅದಲು ಬದಲಾಗಿದ್ದರೆ ರೋಗ ಇದ್ದವನನ್ನು ಮನೆಯಲ್ಲೇ ಬಿಟ್ಟು ಇಲ್ಲದವನನ್ನು ಎತ್ತಿಕೊಂಡು ಹೋಗುತ್ತಾರೆ. ದಿನೇಶ ಕೂಸಿನ ಪಕ್ಕದಲ್ಲೇ ಕೆಮ್ಮುತ್ತ ಮಲಗಿರುತ್ತಾನೆ. ಊರು ಬಿಟ್ಟು ಹೋಗದ ಸುಬ್ಬನಿಗೆ ಹೊರದೇಶದ ರೋಗ ಎಂದು ಕಾಗದದಲ್ಲಿ ಬಂದರೆ, ಅದು ಗಾಳಿಯಲ್ಲೇ ಹಬ್ಬಿದೆ ಎಂದು ಇಡೀ ಕೇರಿಗೆ ಬೇಲಿ ಹಾಕುತ್ತಾರೆ.

ದೆವ್ವಕ್ಕೆ ಹೆದರಿದನೋ, ಜ್ವರಕ್ಕೆ ಹೆದರಿದನೋ, ಅವನಿಗೇ ಗೊತ್ತಿಲ್ಲ. ಆದರೆ ತಪ್ಪು ಬರೆದ ಕೈ ತನ್ನದು ಎನ್ನುವುದು ಗೊತ್ತಿತ್ತು. "ಇಡಗುಂಜಿ ಗಣಪ, ನೀನೇ ದಾರಿ ತೋರಿಸು," ಎಂದು ಗಟ್ಟಿಯಾಗಿ ಹೇಳಿ ಬಂದ ದಾರಿಗೇ ತಿರುಗಿದ.

ಬಾಗಿಲು ತೆಗೆದವಳು ಸುಶ್ಮಿತಾ. "ಎಂತ ಭಟ್ರೆ, ಇನ್ನೊಂದ್ಸಲ ಕಡ್ಡಿ ಹಾಕ್ತ್ರಾ? ಈ ಸಲ ನಿಮ್ಮ ಬೆರಳು ಕಚ್ತ್ರು, ನೋಡ್ಕಣಿ."

ನಗಲು ಅವನಿಗೆ ಆಗಲಿಲ್ಲ. "ಒಂದೇ ಮಾತು ಕೇಳ್ತೆ. ಬಾಗಿಲ ಬದಿಯವರು ಹಡಗಿನಿಂದ ಬಂದವರಾ?"

"ಅಲ್ಲ. ಅವ್ರು ನಮ್ಮ ಭಾವ. ಹಡಗಿನವ್ರು ಗೋಡೆ ಬದಿಗೆ ಇದ್ದವ್ರು, ನಮ್ಮನೆಯವ್ರು."

ತ್ರ್ಯಂಬಕ ಪೆಟ್ಟಿಗೆಯನ್ನು ಹೊಸ್ತಿಲ ಮೇಲೆ ಇಟ್ಟ. ಕೆಂಪು ಸುಬ್ಬಂದು. ನೀಲಿ ದಿನೇಶಂದು.

"ಹೆಸರು ತಪ್ಪಿ ಬರೆದಿದ್ದೆ," ಎಂದ. "ಬಾವಿ ಹತ್ರ ನಿಮ್ಮ ಕೇರಿಯ ಅಮ್ಮ ಒಬ್ರು ಹೇಳಿದ್ರು. ಹಾಗೆ ಬಂದೆ."

"ಯಾವ ಬಾವಿ?"

"ಗೋಳಿ ಮರದ ಬುಡದ್ದು. ನೀರು ಸೇದ್ತಿದ್ರು."

ಸುಶ್ಮಿತಾ ಕೂಸನ್ನು ಎದೆಗೆ ಒತ್ತಿಕೊಂಡಳು. ದೇವಿ ಚಿಮಣಿ ಎತ್ತಿಕೊಂಡು ಮುಂದೆ ಬಂದಳು. 

"ಎಂತ ಹೇಳಿದ್ರು ಅವ್ರು?"

"ಎರಡೂ ಹೆಸರು ಹಿಡಿದು ಹೇಳಿದ್ರು. ಕೆಂಪು ಯಾರದ್ದು, ನೀಲಿ ಯಾರದ್ದು ಅಂತ."

"ಎರಡೂ ಹೆಸರು..." ದೇವಿಯ ಸ್ವರ ಇಳಿಯಿತು. "ಭಟ್ರೆ, ಈ ಮನೇಲಿ ಅವರಿಬ್ಬರನ್ನು ಹೆಸರು ಹಿಡಿದು ಕರೀತಿದ್ದವ್ರು ಒಬ್ರೇ. ನಡೆಯುವಾಗ... ಒಂದು ಕಾಲು ಎಳೀತಿದ್ರಾ?"

ಸರ್ರ್... ತಪ್. ತ್ರ್ಯಂಬಕ ಹೌದೆಂದು ತಲೆ ಆಡಿಸಿದ.

ದೇವಿ ಅಲ್ಲೇ ನೆಲಕ್ಕೆ ಕೂತಳು. ಅವಳು ಹೇಳಿದ್ದು ಮೂರು ವರ್ಷದ ಹಿಂದಿನ ಮಳೆಗಾಲದ ಮಾತು. ಕಿರಿಯವನು ಹಡಗಿನಲ್ಲಿ, ಹಿರಿಯವನು ದೋಣಿಯ ಕೆಲಸಕ್ಕೆ ಹೊನ್ನಾವರದಲ್ಲಿ. ಅತ್ತೆಗೆ ಜ್ವರ, ವಾಂತಿ. ದೇವಿ ಒಬ್ಬಳೇ ಗಾಡಿ ಮಾಡಿ ಒಂದು ಆಸ್ಪತ್ರೆಗೆ ಸೇರಿಸಿದಳು. ಯಾವುದು ಎನ್ನುವುದು ಬೇಡ. ರಕ್ತ ತೆಗೆದವರು ಹೆಸರು ಕೇಳಿದರು. ಅತ್ತೆಯ ಹೆಸರನ್ನು ಸೊಸೆ ಹೇಳುವ ಹಾಗಿಲ್ಲ. 'ನಮ್ಮತ್ತೆ' ಎಂದಳು. 'ಸಾಕು ಬಿಡು' ಎಂದರು ಅವರು. ಏನೋ ಬರೆದುಕೊಂಡರು. ಸಂಜೆ ಬಂದ ಚೀಟಿ ಇನ್ಯಾರದ್ದೋ. ಮೂರು ದಿನ ಇನ್ಯಾರದ್ದೋ ಮದ್ದು ಕುಡಿಸಿದರು. ನಾಲ್ಕನೇ ದಿನ ಕುಡಿಸುವ ಕೆಲಸ ಇರಲಿಲ್ಲ.

"ಆ ಬಾವಿಗೆ ಮರುವರ್ಷ ಉಪ್ಪುನೀರು ನುಗ್ಗಿತು," ಎಂದಳು ಸುಶ್ಮಿತಾ, ಮೆಲ್ಲಗೆ. "ಚಿರೆಕಲ್ಲು ಹಾಕಿ ಮುಚ್ಚಿಬಿಟ್ಟಿದ್ರು. ಅಲ್ಲಿ ಯಾರೂ ನೀರು ಸೇದೂದಿಲ್ಲ ಭಟ್ರೆ."

 ಗೋಡೆ ಬದಿಯ ಚಾಪೆಯಲ್ಲಿ ದಿನೇಶ ಕೆಮ್ಮಿದ. ಒಣ ಕೆಮ್ಮು, ಖೊಂಯ್ ಖೊಂಯ್ ಎಂದು.

ತ್ರ್ಯಂಬಕ ಪೆಟ್ಟಿಗೆ ತೆರೆದು ಎರಡೂ ಟ್ಯೂಬಿನ ಚೀಟಿ ಕಿತ್ತ. "ಯಾರು ಯಾರು ಅನ್ನೂದು ಗೊತ್ತಾತು. ಇಷ್ಟು ಸಾಕು. ನಾ ಬರ್ಕೊಳ್ತೆ."

"ಸಾಲದು," ಎಂದಳು ದೇವಿ.

ಪೆನ್ನು ಅಲ್ಲೇ ನಿಂತಿತು.

"ಅವತ್ತೂ ಸಾಕು ಅಂದಿದ್ರು." ಅವಳು ಗಂಡನ ಮುಖದ ಕಂಬಳಿ ಸರಿಸಿದಳು. ಅವನ ಕಣ್ಣು ಅರ್ಧ ತೆರೆದಿತ್ತು. ಚಿಮಣಿಯ ಬೆಳಕಿಗೋ ಏನೋ, ಬಿಳಿ ಗುಡ್ಡೆ ಅರಿಶಿನದ ಹಾಗೆ ಕಾಣುತ್ತಿತ್ತು. ದೇವಿ ಕತ್ತಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.  ಹದಿನಾಲ್ಕು ವರ್ಷ ಬಾಯೊಳಗೇ ಇಟ್ಟುಕೊಂಡ ಮಾತು ಅದು. ಹೇಳಿದರೆ ಅವನು ಉಳಿಯುವುದಿಲ್ಲ ಎಂದು ನಂಬಿದವಳು, ಹೇಳದಿದ್ದರೆ ಏನಾಗುತ್ತದೆ ಎಂದು ಕಂಡವಳು.

"ಸುಬ್ಬ," ಎಂದಳು. ಅತ್ತು ಬಿಟ್ಟಳು. ಆಮೇಲೆ ಗಟ್ಟಿಯಾಗಿ, ಗಂಡನ ಕಿವಿಗೆ ಬೀಳುವ ಹಾಗೆ: "ಬರಿರಿ ಭಟ್ರೆ. ಕೆಂಪು ಮುಚ್ಚಳದ್ದು ಸುಬ್ಬ. ನನ್ನ ಗಂಡ ಸುಬ್ಬ."

ಸುಶ್ಮಿತಾ ಕಣ್ಣು ಮುಚ್ಚಿಕೊಂಡು, "ನೀಲಿಯದ್ದು ದಿನೇಶ," ಎಂದಳು.

ತ್ರ್ಯಂಬಕ ಬರೆದ. ಓದಿ ಹೇಳಿದ. ಟ್ಯೂಬು ಎರಡನ್ನೂ ಐಸಿನ ನಡುವೆ ಇಟ್ಟು ಪೆಟ್ಟಿಗೆ ಮುಚ್ಚಿ, ಸುತ್ತಲೂ ಬಿಳಿ ಪಟ್ಟಿ ಅಂಟಿಸಿ, ಪಟ್ಟಿಯ ಮೇಲೆ ಅಡ್ಡಲಾಗಿ ಸಹಿ ಹಾಕಿದ. ದಾರಿಯಲ್ಲಿ ಯಾರೂ ತೆರೆದಿಲ್ಲ ಎನ್ನುವುದಕ್ಕೆ ಅದೇ ಗುರುತು. ಎರಡು ಟ್ಯೂಬು. ಇದನ್ನು ನೆನಪಿಡಿ. ಎರಡೇ.

ಹೊರಡುವಾಗ, "ಅಮ್ಮ ನನ್ನದೂ ಒಂದು ಕಳಿಸು ಅಂದಿದ್ರು," ಎನ್ನಲು ಬಾಯಿ ತೆರೆದವನು ಸುಮ್ಮನಾದ. ಅವರ ಹೆಸರೇನು ಎಂದೂ ಕೇಳಲಿಲ್ಲ. ಕೇಳಿದರೂ ಸೊಸೆಯರಿಬ್ಬರು ಹೇಳುವವರಲ್ಲ. ಒಂದು ರಾತ್ರಿಗೆ ಅಷ್ಟೇ ಸಾಕು ಎನಿಸಿತು.

ಮರಳಿ ಗೋಳಿ ಮರ ಬಂತು. ದೇವರ ನಾಮ ಹೇಳುತ್ತಲೇ ಟಾರ್ಚು ಹಾಕಿದ. ಬಾವಿಕಟ್ಟೆ ಇತ್ತು. ಕಟ್ಟೆಯ ಅಂಚಿನವರೆಗೂ ಚಿರೆಕಲ್ಲು ತುಂಬಿತ್ತು. ಕಲ್ಲಿನ ಸಂದಿಯಲ್ಲಿ ಹುಲ್ಲು. ರಾಟೆಯೂ ಇಲ್ಲ, ರಾಟೆ ಕಟ್ಟುವ ಕಂಬವೂ ಇಲ್ಲ. ನಿಲ್ಲದೆ ನಡೆದ. ಟಕ್... ಟಿಣ್. ಟಕ್... ಟಿಣ್. ಮರ ದಾಟಿ ಹತ್ತು ಹೆಜ್ಜೆ ಹೋದ ಮೇಲೆ ಪೆಟ್ಟಿಗೆಯ ಸದ್ದು ಬದಲಾಯಿತು ಎನಿಸಿತು.

ಟಕ್... ಟಿಣ್... ಟಿಣ್.

ಐಸು ಕರಗಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳದೆ ಉಪಾಯವಿರಲಿಲ್ಲ.

ಜೀಪಿನ ಗಾಜು ತಟ್ಟಿದಾಗ ವಿನೋದ ಹೌಹಾರಿ ಎದ್ದ. "ಎಲ್ಲಿ ಸತ್ತಿದ್ರಿ ಭಟ್ರೆ! ಹನ್ನೊಂದಾತು." ಒಳಗಿನ ದೀಪ ಹಾಕಿ ಇವನನ್ನು ನೋಡಿದ. "ಕಿಸೆ ಎಂತಕ್ಕೆ ಒದ್ದೆ? ಸಂಜೆ ಮೇಲೆ ಮಳೆ ಬರ್ಲಿಲ್ವಲ್ಲ?"

ತ್ರ್ಯಂಬಕ ಕಿಸೆ ಮುಟ್ಟಿ ನೋಡಿದ. ಎಡಗಡೆಯ ಕಿಸೆ ತೊಪ್ಪೆಯಾಗಿತ್ತು. ಒಳಗಿದ್ದ ಬಿಳಿ ಮುಚ್ಚಳದ ಟ್ಯೂಬು ಇರಲಿಲ್ಲ. ಎಲ್ಲೋ ಬಿದ್ದಿರಬೇಕು.

"ಹೊಡಿ ಗಾಡಿ," ಎಂದ. ಶರಾವತಿಯ ಸೇತುವೆ ದಾಟಿದರು. ಕುಮಟೆ ಮುಟ್ಟುವಾಗ ಹನ್ನೆರಡಕ್ಕೆ ಐದು ನಿಮಿಷ. ವ್ಯಾನಿನವರು ಪಟ್ಟಿಯ ಮೇಲಿನ ಸಹಿ ನೋಡಿ, ಅಲ್ಲಾಡದ ಹಾಗೆ ಪೆಟ್ಟಿಗೆ ಕಟ್ಟಿಕೊಂಡು ಹೊರಟರು.

ಐದನೇ ದಿನ ಪುಣೆಯಿಂದ ಡಾಕ್ಟರಿಗೆ ಫೋನು ಬಂತು. ದಿನೇಶನದರಲ್ಲಿ ಆ ಕುಲದ ವೈರಸ್ಸೇ ಉಂಟು, ಯಾವುದು ಎಂದು ಅಕ್ಷರ ಓದಿ ಹೇಳುತ್ತೇವೆ, ಅಲ್ಲಿಯವರೆಗೆ ಅವನನ್ನು ಬೇರೆ ಇಡಿ. ಸುಬ್ಬನದರಲ್ಲಿ ಯಾವ ವೈರಸ್ಸೂ ಇಲ್ಲ.

'ಯಾವುದೂ ಇಲ್ಲ' ಎನ್ನುವ ಆ ಒಂದು ಮಾತು ಕೇಳಿ ಶಾಂತಾರಾಮರು ಎದ್ದು ನಿಂತರಂತೆ. ವೈರಸ್ಸಲ್ಲದಿದ್ದರೆ ಈ ಜ್ವರ ಮತ್ತೇನು? ಅವರೇ ಖುದ್ದಾಗಿ ಕೇರಿಗೆ ಹೋಗಿ ಸುಬ್ಬನ ಕಣ್ಣು ಬಿಡಿಸಿ ನೋಡಿದರು. ಹಳದಿ. ಇಲಿ ಜ್ವರ. ಅದೇ ಗಳಿಗೆಯಲ್ಲಿ ಪೆನಿಸಿಲಿನ್ ಶುರುಮಾಡಿದರು. ಇನ್ನೆರಡು ದಿನ ತಡವಾಗಿದ್ದರೆ ಮೂತ್ರಪಿಂಡ ಕೈಕೊಡುತ್ತಿತ್ತು ಎಂದರು. ಹೆಸರು ಅದಲು ಬದಲಾಗಿದ್ದರೆ? ಸುಬ್ಬನಿಗೆ ಸಾರ್ಸ್ ಎಂದು ದೂರದ ಕೋಣೆಯಲ್ಲಿ ಬೀಗ ಹಾಕಿ ಇಡುತ್ತಿದ್ದರು, ಹತ್ತಿರ ಹೋಗುವವರಿರಲಿಲ್ಲ, ಇಲಿ ಜ್ವರದ ಮದ್ದು ಕೊಡುವವರೂ ಇರಲಿಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಹೋಗುತ್ತದೆ ಎನ್ನುತ್ತಾರೆ. ಹಿರಿಯರ ಮಾತನ್ನು ಸುಳ್ಳು ಎನ್ನುವವರು ನಾವಲ್ಲ. ಆದರೆ ದೇವಿಯ ವಿಷಯದಲ್ಲಿ ದೇವರು ಲೆಕ್ಕ ಬೇರೆ ಇಟ್ಟಿದ್ದ.

ದಿನೇಶನನ್ನು ಮೂರು ವಾರ ಬೇರೆ ಕೋಣೆಯಲ್ಲಿ ಇಟ್ಟರು. ಸುಶ್ಮಿತಾ ಕಿಟಕಿಯ ಹೊರಗೆ ನಿಂತು ಕೂಸನ್ನು ಎತ್ತಿ ತೋರಿಸುತ್ತಿದ್ದಳು. ಕೂಸಿಗೆ ಒಂದು ಸೀನೂ ಬರಲಿಲ್ಲ.

ಜೂನ್ ಕಡೆಗೆ ಪುಣೆಯ ಕಾಗದ ಬಂತು. ಮಳೆ ಹಿಡಿದು ದೋಣಿಗಳನ್ನು ದಡಕ್ಕೆ ಎಳೆದಿದ್ದರು. ತ್ರ್ಯಂಬಕ ಕಾಗದ ಹಿಡಿದುಕೊಂಡು ತಾನೇ ಕೇರಿಗೆ ಹೋದ. ಸುಬ್ಬ ಎದ್ದು ಓಡಾಡುತ್ತಿದ್ದ; ಜಗಲಿಯಲ್ಲಿ ಕೂತು ಬಲೆಯ ತೂತು ಕಟ್ಟುತ್ತಿದ್ದ. ದೇವಿ ಒಳಗಿನಿಂದ ಚಾ ತಂದಿಟ್ಟಳು. ಬಾಗಿಲ ಪಕ್ಕ ನಿಂತಳು.

ತ್ರ್ಯಂಬಕ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದ. "ಒಂದು. ನೀಲಿ ಮುಚ್ಚಳ. ದಿನೇಶ. ವೈರಸ್ಸಿನ ಬರಹ ಓದಿದ್ದಾರೆ. ಹಾಂಕಾಂಗಿನ ಮಾರಿ ಅಲ್ಲ, ಅದರ ದೂರದ ದಾಯಾದಿ, ನೆಗಡಿ ಕೊಡುವಂಥದ್ದು. ಎರಡು. ಕೆಂಪು ಮುಚ್ಚಳ. ಸುಬ್ಬ. ಏನೂ ಇಲ್ಲ."

"ಏನೂ ಇಲ್ಲದ್ದಕ್ಕೆ ಇಷ್ಟು ದಿನ ಮಲಗಿಸಿದ್ರಿ ನನ್ನ," ಎಂದು ಸುಬ್ಬ ನಕ್ಕ.

ತ್ರ್ಯಂಬಕ ನಗಲಿಲ್ಲ. ಕಾಗದದಲ್ಲಿ ಇನ್ನೊಂದು ಸಾಲು ಇತ್ತು. ಬೆಳಗ್ಗಿನಿಂದ ಅವನು ಅದನ್ನು ಏಳೆಂಟು ಸಲ ಓದಿದ್ದ.

"ಮೂರು," ಎಂದ. "ಬಿಳಿ ಮುಚ್ಚಳ. ಹೆಣ್ಣು. ವಯಸ್ಸು ಬರೆದಿಲ್ಲ. ಟ್ಯೂಬಿನಲ್ಲಿ ಬರೀ ಸಿಹಿನೀರು. ಪರೀಕ್ಷೆಗೆ ಬರುವುದಿಲ್ಲ." ಕಾಗದ ಹತ್ತಿರ ಹಿಡಿದ. "ಹೆಸರು... ಗಣಪಿ. ಸುಬ್ಬಣ್ಣ, ಗಣಪಿ ಅಂದ್ರೆ ಯಾರು?"

ಬಲೆ ಕಟ್ಟುವ ಸೂಜಿ ಸುಬ್ಬನ ಕೈಯಿಂದ ಜಾರಿ ಜಗಲಿಯ ಮೇಲೆ ಬಿತ್ತು... ಟಪ್.

"ನಮ್ಮನ್ನು ಹೆತ್ತ ಅಬ್ಬೆ," ಎಂದ.

 ಬಾಗಿಲ ಪಕ್ಕ ನಿಂತಿದ್ದ ದೇವಿ, ಹಿರಿಯರು ಜಗಲಿಗೆ ಬಂದಾಗ ಮಾಡುವ ಹಾಗೆ, ತಲೆಯ ಮೇಲೆ ಸೆರಗು ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

ನೀವು ನಂಬಿ, ಬಿಡಿ. ಆ ಕಾಗದ ಕರ್ಕಿಯ ಮನೆಯಲ್ಲಿ ದೇವರ ಪೆಟ್ಟಿಗೆಯಲ್ಲಿ ಇದೆ, ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೂರು ಸಾಲು. ಪೆಟ್ಟಿಗೆಯ ಮೇಲಿನ ಪಟ್ಟಿ ಹರಿದಿರಲಿಲ್ಲ, ಸಹಿ ಸರಿಯಾಗಿತ್ತು ಎಂದು ಅದರ ಕೆಳಗೇ ಬರೆದಿದ್ದಾರೆ.